ಕಡಲಿನ ಉಸಿರನ್ನು ಅಳೆದವರು

'ಸಮುದ್ರದ ನೆಂಟಸ್ತನ, ಉಪ್ಪಿಗೆ ಬಡತನ' ಎಂದು ನಮ್ಮ ಹಿರಿಯರು ಗಾದೆ ಕಟ್ಟಿದ್ದಾರೆ. ಅಪಾರವಾದದ್ದು ಪಕ್ಕದಲ್ಲೇ ಇದ್ದರೂ ಅದರಿಂದ ನಮಗೆ ದಕ್ಕುವುದು ಅಲ್ಪ ಎಂಬುದು ಅದರ ತಾತ್ಪರ್ಯ. ಕಡಲಿನ ಬಗೆಗಿನ ನಮ್ಮ ತಿಳಿವಳಿಕೆಗೂ ಈ ಮಾತು ಒಪ್ಪುತ್ತದೆ. ಪ್ರಿಯ ಓದುಗರೇ, ನೀವು ಎಂದಾದರೂ ಸಂಜೆಯ ಹೊತ್ತು ಮಲ್ಪೆಯಲ್ಲೋ ಕಾರವಾರದಲ್ಲೋ ಮರಳ ಮೇಲೆ ನಿಂತು ಅಲೆಗಳನ್ನು ನೋಡಿರಬಹುದು. ಆ ವಿಸ್ತಾರದ ಮುಂದೆ ಮನುಷ್ಯನಲ್ಲಿ ಎರಡು ಭಾವಗಳು ಹುಟ್ಟುತ್ತವೆ. ಒಂದು ವಿಸ್ಮಯ, ಇನ್ನೊಂದು ಒಂದು ಬಗೆಯ ನಿಶ್ಚಿಂತೆ. ಇಷ್ಟು ದೊಡ್ಡ ಕಡಲಿಗೆ ನಾವು ಏನನ್ನು ಸುರಿದರೇನು, ಅದು ಎಲ್ಲವನ್ನೂ ನುಂಗಿಕೊಂಡೀತು ಎಂಬ ನಿಶ್ಚಿಂತೆ. ವಿಸ್ಮಯವು ನಮ್ಮನ್ನು ಸೃಷ್ಟಿಕರ್ತನ ಕಡೆಗೆ ಒಯ್ಯುತ್ತದೆ. ನಿಶ್ಚಿಂತೆಯು ಎಲ್ಲಿಗೆ ಒಯ್ಯುತ್ತದೆ ಎಂಬುದೇ ಈ ಲೇಖನದ ವಿಷಯ.

ಈ ನಿಶ್ಚಿಂತೆ ಕೇವಲ ಸಾಮಾನ್ಯರದ್ದಾಗಿರಲಿಲ್ಲ. ಕಲ್ಲಿದ್ದಲು ಮತ್ತು ಎಣ್ಣೆಯನ್ನು ಉರಿಸಿದಾಗ ಹೊರಡುವ ಇಂಗಾಲದ ಡೈಆಕ್ಸೈಡ್ ಅನಿಲದ ಬಹುಪಾಲು ಕಡಲಿನಲ್ಲಿ ಕರಗಿ ಹೋಗುತ್ತದೆ, ಆದ್ದರಿಂದ ಮನುಕುಲ ಚಿಂತಿಸಬೇಕಾದದ್ದು ಏನೂ ಇಲ್ಲ ಎಂದು ವಿದ್ವಾಂಸರೂ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ನಂಬಿದ್ದರು. ಆ ನಂಬಿಕೆಯನ್ನು ಮುರಿದದ್ದು ಯಾವ ಭಾಷಣವೂ ಅಲ್ಲ, ಚಳವಳಿಯೂ ಅಲ್ಲ. ಹಡಗುಗಳ ಇಕ್ಕಟ್ಟಾದ ಕೋಣೆಗಳಲ್ಲಿ ಕುಳಿತು, ಒಂದೊಂದು ಸೀಸೆ ಉಪ್ಪುನೀರನ್ನು ಅಳೆದು ಬರೆದಿಟ್ಟವರ ತಾಳ್ಮೆ ಅದನ್ನು ಮುರಿಯಿತು. ಅವರ ಕಥೆಯನ್ನು ತಿಳಿಯುವುದು ವಿಶ್ವಾಸಿಗಳಾದ ನಮಗೂ ಅಗತ್ಯವೆಂದು ನಾನು ಭಾವಿಸುತ್ತೇನೆ.

ಅಳತೆಯೂ ಒಂದು ಗೌರವ

ಯೆಶಾಯ ಪ್ರವಾದಿಯು ದೇವರ ಹಿರಿಮೆಯನ್ನು ಸಾರಲು, ಕಡಲ ನೀರನ್ನು ಬೊಗಸೆಯಲ್ಲಿ ಅಳೆಯಬಲ್ಲವನ ಚಿತ್ರವನ್ನು ನಮ್ಮ ಮುಂದಿಡುತ್ತಾನೆ. ಹಾಗಾದರೆ ಮನುಷ್ಯನು ಕಡಲನ್ನು ಅಳೆಯಹೊರಡುವುದು ಉದ್ಧಟತನವೇ? ಧರ್ಮಸಭೆಯ ಚರಿತ್ರೆ ಹಾಗೆ ಹೇಳುವುದಿಲ್ಲ. 1865ರಲ್ಲಿ ಪೋಪರ ನೌಕಾಪಡೆಯ ಅಧಿಕಾರಿ ಅಲೆಸ್ಸಾಂಡ್ರೊ ಚಾಲ್ದಿಯವರ ಆಹ್ವಾನದಂತೆ ಯೇಸುಸಭೆಯ ಗುರು ಆಂಜೆಲೊ ಸೆಕ್ಕಿಯವರು 'ಇಮ್ಮಾಕೊಲಾತಾ ಕೊಂಚೆತ್ಸಿಯೋನೆ' ಎಂಬ ಹಡಗನ್ನೇರಿದರು. ಅಮಲೋದ್ಭವಿ ಮಾತೆಯ ಹೆಸರು ಹೊತ್ತ ಆ ಹಡಗಿನಿಂದ ಬಿಳಿಯ ಬಿಲ್ಲೆಗಳನ್ನು ಹಗ್ಗಕ್ಕೆ ಕಟ್ಟಿ ಮೆಡಿಟರೇನಿಯನ್ ಸಮುದ್ರಕ್ಕೆ ಇಳಿಸಿ, ಅವು ಎಷ್ಟು ಆಳದಲ್ಲಿ ಕಣ್ಮರೆಯಾಗುತ್ತವೆ ಎಂದು ಅವರು ಗುರುತಿಸಿಕೊಂಡರು. ನೀರಿನ ತಿಳಿತನವನ್ನು ಅಳೆಯುವ ಆ ಸರಳ ಸಾಧನ ಇಂದಿಗೂ 'ಸೆಕ್ಕಿ ಬಿಲ್ಲೆ' ಎಂಬ ಹೆಸರಿನಲ್ಲಿ ಬಳಕೆಯಲ್ಲಿದೆ. ಸೃಷ್ಟಿಯನ್ನು ಗಮನವಿಟ್ಟು ನೋಡುವುದು ಸೃಷ್ಟಿಕರ್ತನಿಗೆ ಸಲ್ಲುವ ಗೌರವವೆಂಬ ಭಾವನೆ ಆ ಗುರುವಿನದಾಗಿತ್ತು.

ಆದರೆ ನೀರಿನ ತಿಳಿತನ ಕಣ್ಣಿಗೆ ಕಾಣುತ್ತದೆ. ನೀರಿನಲ್ಲಿ ಕರಗಿದ ಅನಿಲ ಕಾಣುವುದಿಲ್ಲ. ಕಾಣದುದನ್ನು ಅಳೆಯುವ ಪ್ರಯತ್ನ ದೊಡ್ಡ ಪ್ರಮಾಣದಲ್ಲಿ ನಡೆದದ್ದು ಬ್ರಿಟನ್ನಿನ 'ಚಾಲೆಂಜರ್' ಹಡಗಿನಲ್ಲಿ. 1872ರ ಡಿಸೆಂಬರಿನಲ್ಲಿ ಹೊರಟ ಆ ಹಡಗು ಜಗತ್ತಿನ ಸಾಗರಗಳನ್ನು ಸುತ್ತಿ 1876ರ ಮೇ ತಿಂಗಳಲ್ಲಿ ತಾಯ್ನಾಡಿಗೆ ಮರಳಿತು. ಅದರಲ್ಲಿದ್ದ ರಸಾಯನ ವಿಜ್ಞಾನಿ ಸ್ಕಾಟ್ಲೆಂಡಿನ ಜಾನ್ ಯಂಗ್ ಬುಕ್ಯಾನನ್. ಕಡಲಿನ ನೀರನ್ನು ಕುದಿಸಿ ಅದರಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೊರಗೆಡವಿ ಅಳೆಯುವುದು ಅವರ ಕೆಲಸಗಳಲ್ಲಿ ಒಂದಾಗಿತ್ತು. ಆದರೆ ಸಿಹಿನೀರಿನಂತೆ ಉಪ್ಪುನೀರು ತನ್ನ ಅನಿಲವನ್ನು ಸುಲಭವಾಗಿ ಬಿಟ್ಟುಕೊಡಲಿಲ್ಲ. ಎಷ್ಟು ಕುದಿಸಿದರೂ ಒಂದಿಷ್ಟು ಪಾಲು ನೀರಿನಲ್ಲೇ ಉಳಿಯುತ್ತಿತ್ತು. ಜರ್ಮನಿಯ ಯಾಕೊಬ್‌ಸೆನ್ ಎಂಬವರೂ ಇದನ್ನೇ ಕಂಡು ಬೆರಗಾಗಿದ್ದರು.

ಇದರ ಗುಟ್ಟು ಸ್ವಲ್ಪ ಕಾಲದಲ್ಲೇ ಬಯಲಾಯಿತು. ಕಡಲ ನೀರು ಕ್ಷಾರಗುಣವುಳ್ಳದ್ದು ಎಂದು ನಾರ್ವೆಯ ತೋರ್ನೊ ಅವರು ತೋರಿಸಿದರು. ಅದರೊಳಗೆ ಸೇರಿದ ಇಂಗಾಲದ ಡೈಆಕ್ಸೈಡ್ ಹೆಚ್ಚಾಗಿ ಅನಿಲವಾಗಿಯೇ ಉಳಿಯುವುದಿಲ್ಲ; ನೀರಿನೊಡನೆ ಕೂಡಿ ಬೈಕಾರ್ಬೊನೇಟ್ ಮತ್ತು ಕಾರ್ಬೊನೇಟ್ ಎಂಬ ರೂಪಗಳನ್ನು ತಾಳುತ್ತದೆ. ಇಂದಿನ ಲೆಕ್ಕದಲ್ಲಿ ನೂರರಲ್ಲಿ ಸುಮಾರು ತೊಂಬತ್ತು ಪಾಲು ಬೈಕಾರ್ಬೊನೇಟ್. ಅನಿಲವಾಗಿಯೇ ಇರುವುದು ಒಂದು ಪಾಲಿಗಿಂತಲೂ ಕಡಿಮೆ. ಹೀಗೆ ರೂಪ ಬದಲಿಸಿ ಅಡಗಿಸಿಕೊಳ್ಳುವುದರಿಂದಲೇ ಕಡಲು ವಾಯುಮಂಡಲಕ್ಕಿಂತ ಸುಮಾರು ಐವತ್ತು ಪಟ್ಟು ಇಂಗಾಲವನ್ನು ತನ್ನೊಳಗೆ ಇಟ್ಟುಕೊಂಡಿದೆ. ಚಾಲೆಂಜರ್ ತಂದ 77 ನೀರಿನ ಮಾದರಿಗಳನ್ನು ಗ್ಲಾಸ್ಗೋ ನಗರದಲ್ಲಿ ವಿಲಿಯಂ ಡಿಟ್ಮಾರ್ ಅವರು ವಿಶ್ಲೇಷಿಸಿ 1884ರಲ್ಲಿ ಪ್ರಕಟಿಸಿದ ವರದಿ ಈ ಅಧ್ಯಯನಕ್ಕೆ ತಳಹದಿಯಾಯಿತು.

ಬುಕ್ಯಾನನ್ ಅವರ ಹೆಸರಿನೊಡನೆ ಇನ್ನೊಂದು ಸಂಗತಿಯನ್ನೂ ನೆನೆಯಬೇಕು. ಆ ಕಾಲದ ಪ್ರಖ್ಯಾತ ಜೀವವಿಜ್ಞಾನಿ ಥಾಮಸ್ ಹಕ್ಸ್‌ಲಿಯವರು ಕಡಲ ತಳದ ಕೆಸರಿನ ಹಳೆಯ ಮಾದರಿಗಳಲ್ಲಿ ಲೋಳೆಯಂಥ ವಸ್ತುವನ್ನು ಕಂಡು, ಇದು ಜೀವದ ಅತ್ಯಂತ ಆದಿಮ ರೂಪವೆಂದು 1868ರಲ್ಲಿ ಸಾರಿದ್ದರು. ಬುಕ್ಯಾನನ್ ಅವರು ಪರೀಕ್ಷಿಸಿದಾಗ ಅದು ಜೀವಿಯೇ ಅಲ್ಲವೆಂದು ತಿಳಿಯಿತು. ಮಾದರಿ ಕೆಡದಿರಲೆಂದು ಸೀಸೆಗೆ ಬೆರೆಸಿದ ಮದ್ಯಸಾರದಿಂದ ಕಡಲ ನೀರಿನಲ್ಲಿದ್ದ ಕ್ಯಾಲ್ಸಿಯಂ ಸಲ್ಫೇಟ್ ಬೇರ್ಪಟ್ಟು ಲೋಳೆಯಂತೆ ಕಂಡಿತ್ತು. ಹಕ್ಸ್‌ಲಿಯವರು ತಮ್ಮ ತಪ್ಪನ್ನು ಬಹಿರಂಗವಾಗಿ ಒಪ್ಪಿಕೊಂಡರು. ನಾವೇ ಸೀಸೆಯೊಳಗೆ ಹಾಕಿದ್ದನ್ನು ಕಡಲು ಕೊಟ್ಟಿತೆಂದು ನಂಬುವ ಅಪಾಯ ಅಳೆಯುವವರಿಗೆ ಸದಾ ಇರುತ್ತದೆ. ಈ ಪಾಠ ಮುಂದೆಯೂ ಬೇಕಾಯಿತು.

ನಿಶ್ಚಿಂತೆಯ ಕಾಲ

1896ರಲ್ಲಿ ಸ್ವೀಡನ್ನಿನ ಸ್ವಾಂಟೆ ಅರೇನಿಯಸ್ ಅವರು ವಾಯುಮಂಡಲದಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿದರೆ ಭೂಮಿ ಎಷ್ಟು ಬಿಸಿಯಾಗುತ್ತದೆ ಎಂಬುದನ್ನು ಮೊಟ್ಟಮೊದಲಿಗೆ ಲೆಕ್ಕಹಾಕಿದರು. ಹಸಿರುಮನೆ ಅನಿಲಗಳ ವಿಷಯದಲ್ಲಿ ಅವರ ಹೆಸರನ್ನು ಎಲ್ಲರೂ ಹೇಳುತ್ತಾರೆ. ಆದರೆ ಅದೇ ಅರೇನಿಯಸ್ ಅವರು ಮುಂದೆ ಬರೆದ ಗ್ರಂಥವೊಂದರಲ್ಲಿ, ಹೊರಬಿದ್ದ ಅನಿಲದ ಆರರಲ್ಲಿ ಐದು ಪಾಲನ್ನು ಕಡಲು ಹೀರಿಕೊಳ್ಳುತ್ತದೆ ಎಂದು ಎಣಿಸಿದ್ದರು ಎಂಬುದು ಹೆಚ್ಚಿನವರಿಗೆ ತಿಳಿಯದು. ಅಂದಮೇಲೆ ಚಿಂತಿಸುವ ಕಾರಣವೇನಿದೆ? ಕಡಲು ಜಗತ್ತಿನ ದೊಡ್ಡ ಉಗ್ರಾಣ. ಅಲ್ಲಿ ಸ್ಥಳಕ್ಕೆ ಕೊರತೆಯಿಲ್ಲ. ಇದು ಆ ಕಾಲದ ಸಾಮಾನ್ಯ ಭಾವನೆ.

ಡೆನ್ಮಾರ್ಕಿನ ತರುಣ ವಿಜ್ಞಾನಿ ಆಗಸ್ಟ್ ಕ್ರೋಗ್ 1902ರಲ್ಲಿ ಗ್ರೀನ್‌ಲೆಂಡಿನ ಡಿಸ್ಕೊ ದ್ವೀಪಕ್ಕೆ ಹೋಗಿ, ಅಲ್ಲಿಯ ಗಾಳಿಯಲ್ಲೂ ನೀರಿನಲ್ಲೂ ಇಂಗಾಲದ ಡೈಆಕ್ಸೈಡನ್ನು ಅಳೆದರು. ನೀರಿನಲ್ಲಿ ಒಟ್ಟು ಎಷ್ಟು ಅನಿಲವಿದೆ ಎಂದು ಕೇಳುವುದಕ್ಕಿಂತ, ಆ ನೀರು ಅನಿಲವನ್ನು ಎಷ್ಟು ಒತ್ತಡದಿಂದ ಹೊರಕ್ಕೆ ತಳ್ಳುತ್ತದೆ ಎಂದು ಕೇಳಬೇಕು ಎಂಬುದು ಅವರ ದೃಷ್ಟಿ. ನೀರಿನ ಒತ್ತಡ ಗಾಳಿಯದ್ದಕ್ಕಿಂತ ಹೆಚ್ಚಾಗಿದ್ದರೆ ಕಡಲು ಅನಿಲವನ್ನು ಹೊರಬಿಡುತ್ತದೆ, ಕಡಿಮೆಯಿದ್ದರೆ ಒಳಗೆಳೆದುಕೊಳ್ಳುತ್ತದೆ. ಒಂದು ಅರ್ಥದಲ್ಲಿ ಕಡಲು ಉಸಿರಾಡುತ್ತದೆ. ಮುಂದೆ ಸೂಕ್ಷ್ಮ ರಕ್ತನಾಳಗಳ ಅಧ್ಯಯನಕ್ಕಾಗಿ 1920ರಲ್ಲಿ ನೊಬೆಲ್ ಪ್ರಶಸ್ತಿ ಪಡೆದ ಕ್ರೋಗ್ ಅವರು ಕಡಲನ್ನೂ ಉಸಿರಾಡುವ ದೇಹದಂತೆಯೇ ಕಂಡದ್ದು ಆಕಸ್ಮಿಕವಲ್ಲ. 1904ರಲ್ಲಿ ಅವರು ಪ್ರಕಟಿಸಿದ ಪ್ರಬಂಧದ ತತ್ತ್ವವೇ ಇಂದಿನ ಅಳತೆಗಳ ಜೀವಾಳ.

1938ರಲ್ಲಿ ಇಂಗ್ಲೆಂಡಿನ ಎಂಜಿನಿಯರ್ ಗೈ ಕ್ಯಾಲೆಂಡರ್ ಅವರು, ಅನಿಲ ಗಾಳಿಯಲ್ಲಿ ಹೆಚ್ಚುತ್ತಿದೆ, ಭೂಮಿ ಬಿಸಿಯಾಗುತ್ತಿದೆ ಎಂದು ವಾದಿಸಿದರು. ಕಡಲು ಅಷ್ಟು ಬೇಗ ಎಲ್ಲವನ್ನೂ ಹೀರಲಾರದು ಎಂಬುದು ಅವರ ನಿಲುವಾಗಿತ್ತು. ಹೆಚ್ಚಿನ ವಿದ್ವಾಂಸರು ಅದನ್ನು ಒಪ್ಪಲಿಲ್ಲ. ಒಪ್ಪದಿರಲು ಬಲವಾದ ಅಳತೆಗಳಾಗಲಿ, ಒಪ್ಪಲು ಬಲವಾದ ಅಳತೆಗಳಾಗಲಿ ಆಗ ಯಾರ ಕೈಯಲ್ಲೂ ಇರಲಿಲ್ಲ. ಅಳತೆ ಇಲ್ಲದ ಕಡೆ ಮನುಷ್ಯನು ತನಗೆ ಹಿತವಾದುದನ್ನೇ ನಂಬುತ್ತಾನೆ.

ನಂಬಿಕೆ ಮುರಿದ ವರ್ಷ

1957ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯ ತೀರದಲ್ಲಿರುವ ಸ್ಕ್ರಿಪ್ಸ್ ಸಾಗರ ವಿಜ್ಞಾನ ಸಂಸ್ಥೆಯ ರೋಜರ್ ರೆವೆಲ್ ಮತ್ತು ಹ್ಯಾನ್ಸ್ ಸೂಸ್ ಅವರು ಒಂದು ಪ್ರಬಂಧವನ್ನು ಪ್ರಕಟಿಸಿದರು. ಗಾಳಿಗೆ ಸೇರಿದ ಇಂಗಾಲದ ಡೈಆಕ್ಸೈಡ್ ಕಣವೊಂದು ಸುಮಾರು ಹತ್ತು ವರ್ಷಗಳಲ್ಲಿ ಕಡಲನ್ನು ಸೇರುತ್ತದೆ ಎಂದು ಅವರು ಕಂಡುಕೊಂಡಿದ್ದರು. ಇಷ್ಟೇ ಆಗಿದ್ದರೆ ಹಳೆಯ ನಿಶ್ಚಿಂತೆಗೆ ಇನ್ನೊಂದು ಮುದ್ರೆ ಬೀಳುತ್ತಿತ್ತು. ಆದರೆ ಬರೆದು ಮುಗಿಸಿದ ಪ್ರಬಂಧಕ್ಕೆ ರೆವೆಲ್ ಅವರು ಒಂದು ಮುಖ್ಯ ವಿಷಯವನ್ನು ಆಮೇಲೆ ಸೇರಿಸಿದರು. ಕಡಲ ನೀರಿನ ರಾಸಾಯನಿಕ ಸ್ವಭಾವವೇ ಹೊಸ ಅನಿಲಕ್ಕೆ ಪ್ರತಿರೋಧ ಒಡ್ಡುತ್ತದೆ. ಗಾಳಿಯಲ್ಲಿ ಅನಿಲ ನೂರಕ್ಕೆ ಹತ್ತರಷ್ಟು ಹೆಚ್ಚಿದರೆ, ಮೇಲ್ಮೈ ನೀರಿನಲ್ಲಿರುವ ಒಟ್ಟು ಇಂಗಾಲ ಹೆಚ್ಚುವುದು ನೂರಕ್ಕೆ ಸುಮಾರು ಒಂದರಷ್ಟು ಮಾತ್ರ. ಉಗ್ರಾಣ ದೊಡ್ಡದು ನಿಜ. ಅದರ ಬಾಗಿಲು ಕಿರಿದು. ಒಳಗೆ ಹೋದುದರಲ್ಲಿ ಒಂದಿಷ್ಟು ಹೊರಕ್ಕೂ ಬರುತ್ತದೆ. ಆಳದ ನೀರು ಮೇಲ್ಮೈ ನೀರಿನೊಡನೆ ಬೆರೆಯಲು ನೂರಾರು ವರ್ಷಗಳೇ ಬೇಕು.

ಈ ಮಾತಿನ ಭಾರ ಪ್ರಬಂಧದ ಲೇಖಕರಿಗೂ ಆಗ ಪೂರ್ತಿ ಅರಿವಾಗಿರಲಿಲ್ಲ. 1959ರಲ್ಲಿ ಸ್ವೀಡನ್ನಿನ ಬರ್ಟ್ ಬೊಲೀನ್ ಮತ್ತು ಎರಿಕ್ ಎರಿಕ್‌ಸನ್ ಅವರು ಅದನ್ನು ಸ್ಪಷ್ಟವಾಗಿ ಬಿಡಿಸಿ ಹೇಳಿದರು. ಅಂದಿನಿಂದ ಕಡಲು ಎಲ್ಲವನ್ನೂ ನುಂಗುತ್ತದೆ ಎಂಬ ನಂಬಿಕೆಗೆ ವಿಜ್ಞಾನದಲ್ಲಿ ನೆಲೆ ಉಳಿಯಲಿಲ್ಲ. ಆದರೆ ಅದು ಎಷ್ಟನ್ನು ನುಂಗುತ್ತದೆ? ಎಲ್ಲಿ, ಯಾವ ಕಾಲದಲ್ಲಿ? ಇದಕ್ಕೆ ಉತ್ತರ ತರ್ಕದಿಂದ ಸಿಗುವಂಥದ್ದಲ್ಲ. ಹೋಗಿ ಅಳೆಯಬೇಕು.

ತಾಳ್ಮೆಯ ಇಬ್ಬರು

ಈ ಕೆಲಸಕ್ಕೆ ಮುಡಿಪಾದವರಲ್ಲಿ ಇಬ್ಬರನ್ನು ವಿಶೇಷವಾಗಿ ಸ್ಮರಿಸಬೇಕು. ಮೊದಲನೆಯವರು ಚಾರ್ಲ್ಸ್ ಡೇವಿಡ್ ಕೀಲಿಂಗ್. ಹವಾಯಿ ದ್ವೀಪದ ಮೌನಾ ಲೋವಾ ಪರ್ವತದ ಮೇಲೆ 1958ರಿಂದ ಗಾಳಿಯನ್ನು ಅಳೆದವರೆಂದು ಅವರು ಜಗತ್ಪ್ರಸಿದ್ಧರು. ಆದರೆ ಅವರ ಪ್ರಯಾಣ ಆರಂಭವಾದದ್ದು ನೀರಿನಿಂದ. ನದಿಗಳ ಮತ್ತು ನೆಲದೊಳಗಿನ ನೀರಿನ ಅನಿಲವು ಹೊರಗಿನ ಗಾಳಿಯೊಡನೆ ಸಮತೋಲದಲ್ಲಿದೆಯೇ ಎಂಬ ಪ್ರಶ್ನೆಯನ್ನು ಹಿಡಿದು, 1950ರ ದಶಕದ ನಡುವಿನಲ್ಲಿ ಅವರು ತಾವೇ ಉಪಕರಣವನ್ನು ಕಟ್ಟಿಕೊಂಡು ಕ್ಯಾಲಿಫೋರ್ನಿಯದ ಬಿಗ್ ಸರ್ ಕಾಡಿನಲ್ಲಿ ಬೀಡುಬಿಟ್ಟರು. ಕೆಲವು ತಾಸುಗಳಿಗೊಮ್ಮೆ, ನಡುರಾತ್ರಿಯಲ್ಲೂ ಎದ್ದು, ಗಾಳಿಯ ಮಾದರಿಯನ್ನು ಹಿಡಿಯುತ್ತಿದ್ದರು. ಆಶ್ರಮವಾಸಿಗಳು ರಾತ್ರಿ ಪ್ರಾರ್ಥನೆಗೆ ಏಳುವ ಪರಿಪಾಠ ನನಗೆ ಇಲ್ಲಿ ನೆನಪಾಗುತ್ತದೆ. ಮುಂದೆ ಸ್ಕ್ರಿಪ್ಸ್ ಸಂಸ್ಥೆ ಸೇರಿ, ಹಡಗುಗಳಲ್ಲಿ ಕಡಲ ನೀರಿನ ಅನಿಲದ ಒತ್ತಡವನ್ನೂ ಅಳೆದರು. 1964ರಲ್ಲಿ ಹಣದ ಕಡಿತದಿಂದ ಮೌನಾ ಲೋವಾದ ಅಳತೆ ಕೆಲವು ತಿಂಗಳು ನಿಂತುಹೋಯಿತು. ಆ ಖಾಲಿ ಜಾಗವನ್ನು ಅವರ ರೇಖೆಯಲ್ಲಿ ಇಂದಿಗೂ ಕಾಣಬಹುದು. ಕಳೆದುಹೋದ ದಿನದ ಗಾಳಿಯನ್ನು ಮರಳಿ ಅಳೆಯಲಾಗುವುದಿಲ್ಲ. 2005ರಲ್ಲಿ ತೀರಿಕೊಳ್ಳುವವರೆಗೂ ಕೀಲಿಂಗ್ ಅವರು ಈ ಕಾಯಕವನ್ನು ಬಿಡಲಿಲ್ಲ. 1958ರಲ್ಲಿ ಗಾಳಿಯ ದಶಲಕ್ಷ ಭಾಗಗಳಲ್ಲಿ ಸುಮಾರು 315 ಭಾಗವಿದ್ದ ಇಂಗಾಲದ ಡೈಆಕ್ಸೈಡ್ ಈಗ 420ನ್ನು ದಾಟಿದೆ.

ಎರಡನೆಯವರು ಜಪಾನಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ತಾರೊ ತಾಕಾಹಾಶಿ. 1957ರಲ್ಲಿ ಕೊಲಂಬಿಯ ವಿಶ್ವವಿದ್ಯಾನಿಲಯದಲ್ಲಿ ಡಾಕ್ಟರೇಟ್ ಮುಗಿಸಿದ ಅವರು, ಅಂತಾರಾಷ್ಟ್ರೀಯ ಭೂಭೌತ ವರ್ಷದ ಅಂಗವಾಗಿ 'ವೇಮಾ' ಎಂಬ ಹಾಯಿಹಡಗನ್ನೇರಿ ಅಟ್ಲಾಂಟಿಕ್ ಸಾಗರದ ಮೇಲ್ಮೈ ನೀರನ್ನು ಅಳೆಯತೊಡಗಿದರು. ಆ ವಿಧಾನವನ್ನು ಸರಳವಾಗಿ ಹೀಗೆ ವಿವರಿಸಬಹುದು. ಹಡಗು ಚಲಿಸುತ್ತಿರುವಾಗಲೇ ಕಡಲ ನೀರನ್ನು ಪಂಪಿನಿಂದ ಎತ್ತಿ, ಮುಚ್ಚಿದ ಪಾತ್ರೆಯೊಳಗೆ ಮಳೆಯಂತೆ ಸುರಿಸುತ್ತಾರೆ. ಪಾತ್ರೆಯೊಳಗಿನ ಗಾಳಿ ಆ ನೀರಿನೊಡನೆ ಅನಿಲವನ್ನು ಕೊಟ್ಟುಕೊಂಡು ಕೊನೆಗೆ ಸಮತೋಲಕ್ಕೆ ಬರುತ್ತದೆ. ಆಗ ಆ ಗಾಳಿಯ ಮೂಲಕ ಅವಕೆಂಪು ಕಿರಣವನ್ನು ಹಾಯಿಸುತ್ತಾರೆ. ಇಂಗಾಲದ ಡೈಆಕ್ಸೈಡ್ ಆ ಕಿರಣವನ್ನು ಹೀರುವುದರಿಂದ, ಎಷ್ಟು ಹೀರಿತು ಎಂಬುದರಿಂದ ಅನಿಲದ ಪ್ರಮಾಣ ತಿಳಿಯುತ್ತದೆ. ಭೂಮಿಯನ್ನು ಬಿಸಿಮಾಡುವ ಗುಣ ಯಾವುದೋ, ಅದೇ ಗುಣ ಆ ಅನಿಲವನ್ನು ಪತ್ತೆಹಚ್ಚಲೂ ನೆರವಾಗುತ್ತದೆ.

ತಾಕಾಹಾಶಿಯವರು ಇದನ್ನೇ ಅರವತ್ತು ವರ್ಷ ಮಾಡಿದರು. ತಾವು ಅಳೆದುದಷ್ಟೇ ಅಲ್ಲದೆ, ಅನೇಕ ದೇಶಗಳ ಹಡಗುಗಳು ಅಳೆದುದನ್ನೂ ಒಂದುಗೂಡಿಸಿದರು. 2009ರಲ್ಲಿ ಅವರು ಮತ್ತು ಸಂಗಡಿಗರು ಪ್ರಕಟಿಸಿದ ನಕ್ಷೆಯ ಹಿಂದೆ ಸುಮಾರು 30 ಲಕ್ಷ ಅಳತೆಗಳಿದ್ದವು. ಭೂಮಧ್ಯರೇಖೆಯ ಬಳಿಯ ಶಾಂತಸಾಗರ ಅನಿಲವನ್ನು ಹೊರಬಿಡುತ್ತದೆ, ಉತ್ತರ ಅಟ್ಲಾಂಟಿಕದ ತಣ್ಣನೆಯ ನೀರು ಒಳಗೆಳೆದುಕೊಳ್ಳುತ್ತದೆ ಎಂಬ ಚಿತ್ರ ಅದರಲ್ಲಿ ಮೂಡಿತು. ವಿಶ್ವಸಂಸ್ಥೆ 2010ರಲ್ಲಿ ಅವರಿಗೆ ಪರಿಸರ ಪ್ರಶಸ್ತಿ ನೀಡಿ ಗೌರವಿಸಿತು. 2019ರಲ್ಲಿ ಅವರು ನಿಧನರಾದರು.

ಒಂದು ಸೀಸೆ ನೀರಿನ ಪ್ರಾಮಾಣಿಕತೆ

ಮೇಲ್ಮೈಯಲ್ಲಿ ಅಳೆದರೆ ಸಾಲದು; ಆಳಕ್ಕೂ ಇಳಿಯಬೇಕು. 1972ರಿಂದ 1978ರವರೆಗೆ ನಡೆದ 'ಜಿಯೋಸೆಕ್ಸ್' ಯೋಜನೆ ಅಟ್ಲಾಂಟಿಕ್, ಶಾಂತ ಮತ್ತು ಹಿಂದೂ ಮಹಾಸಾಗರಗಳ ಆಳದ ನೀರನ್ನು ಪರೀಕ್ಷಿಸಿತು. ಇಲ್ಲಿ ಒಂದು ಕಠಿಣ ಸಮಸ್ಯೆ ತಲೆದೋರಿತು. ಒಂದು ಕಿಲೋ ಕಡಲ ನೀರಿನಲ್ಲಿ ಸುಮಾರು 2000 ಮೈಕ್ರೋಮೋಲ್ ಇಂಗಾಲವಿರುತ್ತದೆ. ಮನುಷ್ಯನ ಕಾರಣದಿಂದ ಮೇಲ್ಮೈ ನೀರಿನಲ್ಲಿ ಅದು ವರ್ಷಕ್ಕೆ ಹೆಚ್ಚುವುದು ಸುಮಾರು ಒಂದು ಮೈಕ್ರೋಮೋಲ್, ಅಂದರೆ ಎರಡು ಸಾವಿರದಲ್ಲಿ ಒಂದು ಪಾಲು. ಎರಡು ಪ್ರಯೋಗಾಲಯಗಳು ಒಂದೇ ನೀರನ್ನು ಅಳೆದಾಗ ಬರುವ ವ್ಯತ್ಯಾಸವೇ ಅದಕ್ಕಿಂತ ದೊಡ್ಡದಾಗಿದ್ದರೆ, ಬದಲಾದದ್ದು ಕಡಲೋ ಅಳೆದವರ ಕೈಯೋ ಎಂದು ಹೇಳುವುದು ಹೇಗೆ? ಬುಕ್ಯಾನನ್ ಕಾಲದ ಸೀಸೆಯ ಪಾಠ ಮತ್ತೆ ಎದುರಾಯಿತು.

ಇದಕ್ಕೆ ಪರಿಹಾರ ಒದಗಿಸಿದವರು ಸ್ಕ್ರಿಪ್ಸ್ ಸಂಸ್ಥೆಯ ಆಂಡ್ರ್ಯೂ ಡಿಕ್ಸನ್. ಕಡಲ ನೀರನ್ನು ಸೋಸಿ, ಅದರಲ್ಲಿ ಯಾವ ಜೀವಾಣುವೂ ಬೆಳೆಯದಂತೆ ಪಾದರಸದ ಲವಣವನ್ನು ಬೆರೆಸಿ, ಗಾಜಿನ ಸೀಸೆಗಳಲ್ಲಿ ತುಂಬಿ, ಅದರ ಇಂಗಾಲದ ಪ್ರಮಾಣವನ್ನು ಅತ್ಯಂತ ನಿಖರವಾಗಿ ನಿರ್ಧರಿಸಿ ಜಗತ್ತಿನ ಪ್ರಯೋಗಾಲಯಗಳಿಗೆ ಕಳುಹಿಸುವ ವ್ಯವಸ್ಥೆ 1990ರ ಸುಮಾರಿಗೆ ಆರಂಭವಾಯಿತು. ನಮ್ಮ ಸಂತೆಗಳಲ್ಲಿ ತಕ್ಕಡಿಯನ್ನು ಪರೀಕ್ಷಿಸಲು ಸರ್ಕಾರದ ಮುದ್ರೆಯುಳ್ಳ ತೂಕದ ಬಟ್ಟು ಹೇಗೋ, ಹಾಗೆ ಈ ಸೀಸೆಯ ನೀರು. ಯಾವ ದೇಶದ ಹಡಗೇ ಇರಲಿ, ತನ್ನ ಉಪಕರಣದಲ್ಲಿ ಮೊದಲು ಇದನ್ನು ಅಳೆದು, ತನ್ನ ತಕ್ಕಡಿ ಸರಿಯಿದೆ ಎಂದು ತೋರಿಸಿಕೊಳ್ಳಬೇಕು. ಆಗ ಮಾತ್ರ ಅದರ ಮಾತಿಗೆ ಬೆಲೆ.

ಈ ಪ್ರಾಮಾಣಿಕತೆಯ ಫಲವಾಗಿ ಲೆಕ್ಕ ಸ್ಪಷ್ಟವಾಯಿತು. 1800ರಿಂದ 1994ರವರೆಗೆ ಮನುಷ್ಯನು ಹೊರಬಿಟ್ಟ ಇಂಗಾಲದಲ್ಲಿ ಸುಮಾರು 11,800 ಕೋಟಿ ಟನ್ ಕಡಲನ್ನು ಸೇರಿದೆ ಎಂದು 2004ರಲ್ಲಿ ವಿಜ್ಞಾನಿಗಳ ತಂಡವೊಂದು ತೋರಿಸಿತು. ಕಲ್ಲಿದ್ದಲು, ಎಣ್ಣೆ ಮತ್ತು ಸಿಮೆಂಟಿನಿಂದ ಹೊರಬಂದುದರ ಹೆಚ್ಚುಕಡಿಮೆ ಅರ್ಧ ಪಾಲು ಅದು. 1994ರಿಂದ 2007ರವರೆಗಿನ ಹದಿಮೂರು ವರ್ಷಗಳಲ್ಲೇ ಇನ್ನೂ 3,400 ಕೋಟಿ ಟನ್ ಸೇರಿತು ಎಂದು 2019ರ ಲೆಕ್ಕ ಹೇಳಿತು. ಕಡಲು ನಮ್ಮ ಪಾಲಿನ ಹೊರೆಯನ್ನು ಮೌನವಾಗಿ ಹೊತ್ತಿದೆ. ಆದರೆ ಬೆಲೆ ತೆರದೆ ಹೊತ್ತಿಲ್ಲ. ಕೈಗಾರಿಕಾ ಯುಗಕ್ಕೆ ಮೊದಲು ಸುಮಾರು 8.2 ಇದ್ದ ಮೇಲ್ಮೈ ನೀರಿನ ಪಿಎಚ್ ಅಂಕ 8.1ಕ್ಕೆ ಇಳಿದಿದೆ. ಅಂಕ ಚಿಕ್ಕದಾಗಿ ಕಾಣುತ್ತದೆ. ಅದರ ಅರ್ಥ ಆಮ್ಲೀಯತೆ ನೂರಕ್ಕೆ ಮೂವತ್ತರಷ್ಟು ಹೆಚ್ಚಿದೆ ಎಂದು. ಇದರಿಂದ ಹವಳಗಳಿಗೂ ಚಿಪ್ಪಿನ ಜೀವಿಗಳಿಗೂ ತಮ್ಮ ಕವಚ ಕಟ್ಟಿಕೊಳ್ಳುವುದು ಕಷ್ಟವಾಗುತ್ತಿದೆ.

ನಮ್ಮದೇ ತೀರದಲ್ಲಿ

ಇದೆಲ್ಲ ದೂರದ ಸಾಗರಗಳ ಮಾತು ಎಂದುಕೊಳ್ಳಬೇಡಿ. ನಮ್ಮ ಅರಬ್ಬಿ ಸಮುದ್ರಕ್ಕೂ ಈ ಚರಿತ್ರೆಯಲ್ಲಿ ವಿಶೇಷ ಸ್ಥಾನವಿದೆ. ಅದರ ನಡುವಣ ಆಳದಲ್ಲಿ ಆಮ್ಲಜನಕ ಬಹಳ ಕಡಿಮೆಯೆಂದು 1933-34ರಲ್ಲಿ ಈಜಿಪ್ಟಿನ 'ಮಬಾಹಿಸ್' ಹಡಗಿನ ಅನ್ವೇಷಣೆಯೇ ಕಂಡಿತ್ತು. 1960ರ ದಶಕದ ಅಂತಾರಾಷ್ಟ್ರೀಯ ಹಿಂದೂ ಮಹಾಸಾಗರ ಅನ್ವೇಷಣೆಯ ಫಲವಾಗಿ 1966ರಲ್ಲಿ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ ಸ್ಥಾಪನೆಯಾಯಿತು. ಗೋವೆಯ ದೋನಾ ಪಾವ್ಲಾ ಅದರ ನೆಲೆ. 1983ರಲ್ಲಿ ಜರ್ಮನಿಯಲ್ಲಿ ನಿರ್ಮಾಣವಾದ 'ಸಾಗರ ಕನ್ಯಾ' ಹಡಗಿನಲ್ಲಿ ನಮ್ಮ ವಿಜ್ಞಾನಿಗಳು 1990ರ ದಶಕದಲ್ಲಿ ಅರಬ್ಬಿ ಸಮುದ್ರದ ಇಂಗಾಲವನ್ನು ಋತು ಋತುವಿನಲ್ಲೂ ಅಳೆದರು. ಅದರ ನಡುವಣ ಮತ್ತು ಪೂರ್ವದ ಭಾಗಗಳು ವರ್ಷವಿಡೀ ಗಾಳಿಗೆ ಇಂಗಾಲದ ಡೈಆಕ್ಸೈಡನ್ನು ಬಿಡುತ್ತವೆ ಎಂದು 1998ರಲ್ಲಿ ಶರ್ಮ, ದಿಲೀಪ್ ಕುಮಾರ್ ಮತ್ತು ಜಾರ್ಜ್ ಅವರು ಪ್ರಕಟಿಸಿದರು. ಇದು ಪ್ರಕೃತಿಯದೇ ನಡೆ. ಕಡಲಿನ ಪ್ರತಿ ಉಸಿರನ್ನೂ ಮನುಷ್ಯನ ಅಪರಾಧದ ಲೆಕ್ಕಕ್ಕೆ ಸೇರಿಸಬಾರದು. ಯಾವುದು ಪ್ರಕೃತಿಯದು, ಯಾವುದು ನಮ್ಮದು ಎಂದು ಬೇರ್ಪಡಿಸುವುದಕ್ಕೂ ಅಳತೆಯೇ ಬೇಕು.

ಇನ್ನೊಂದು ಅನಿಲದ ಮಾತೂ ಇಲ್ಲಿದೆ. ನಗೆ ಅನಿಲವೆಂದು ಹೆಸರಾದ ನೈಟ್ರಸ್ ಆಕ್ಸೈಡ್, ತೂಕಕ್ಕೆ ತೂಕ ಹೋಲಿಸಿದರೆ ನೂರು ವರ್ಷಗಳ ಅವಧಿಯಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 270 ಪಟ್ಟು ಹೆಚ್ಚು ಬಿಸಿಮಾಡಬಲ್ಲದು. ಆಮ್ಲಜನಕ ಕಡಿಮೆಯಾದ ನೀರಿನಲ್ಲಿ ಸೂಕ್ಷ್ಮಜೀವಿಗಳು ನೈಟ್ರೇಟನ್ನು ಬಳಸಿ ಇದನ್ನು ಹುಟ್ಟಿಸುತ್ತವೆ. ನೈಋತ್ಯ ಮಾರುತದ ಕಾಲದಲ್ಲಿ ನಮ್ಮ ಪಶ್ಚಿಮ ತೀರದ ಬಳಿ ಆಳದ ಬಡ ನೀರು ಮೇಲಕ್ಕೆ ಬಂದು ತೀರದ ಕಡೆಗೆ ಹರಡುತ್ತದೆ. ಅದರ ಮೇಲೆ ಮಳೆಯ ಮತ್ತು ನದಿಗಳ ಸಿಹಿನೀರು ಮುಚ್ಚಳದಂತೆ ಕೂರುತ್ತದೆ. ಕೆಳಗಿನ ನೀರಿಗೆ ಗಾಳಿ ಸಿಗದೆ, ಮಳೆಗಾಲದ ಕೊನೆಯ ಹೊತ್ತಿಗೆ ಉಸಿರು ಕಟ್ಟಿದಂತಾಗುತ್ತದೆ. 2000ದಲ್ಲಿ ನಖ್ವಿ ಮತ್ತು ಸಂಗಡಿಗರು ಇಲ್ಲಿಯ ನೀರಿನಲ್ಲಿ ನೈಟ್ರಸ್ ಆಕ್ಸೈಡ್ ಸಹಜ ಮಟ್ಟಕ್ಕಿಂತ ಹತ್ತಾರು ಪಟ್ಟು ಹೆಚ್ಚಿರುವುದನ್ನು ಪ್ರಕಟಿಸಿ ಲೋಕದ ಗಮನ ಸೆಳೆದರು. ಹೊಲಗಳಿಗೆ ಸುರಿದ ರಸಗೊಬ್ಬರದ ಸಾರಜನಕ ಹೊಳೆಗಳ ಮೂಲಕ ಕಡಲು ಸೇರುತ್ತಿರುವುದೂ ಇದಕ್ಕೆ ಒಂದು ಕಾರಣವಾಗಿರಬಹುದೆಂದು ಅವರು ಸೂಚಿಸಿದರು. ಗೋವೆಯ ಕಾಂದೊಳಿಯ ಬಳಿಯ ಒಂದೇ ತಾಣಕ್ಕೆ 1997ರಿಂದ ಮತ್ತೆ ಮತ್ತೆ ಹೋಗಿ ನೀರನ್ನು ಅಳೆಯುವ ಕೆಲಸ ಇಂಥ ಪ್ರಶ್ನೆಗಳಿಗಾಗಿಯೇ ನಡೆಯಿತು. ಉಸಿರುಕಟ್ಟಿದ ನೀರಿನಿಂದ ಮೀನು ದೂರ ಸರಿಯುತ್ತದೆ. ಬಲೆ ಹಾಕಿದವನ ಮನೆಯಲ್ಲಿ ಒಲೆ ತಣ್ಣಗಾಗುತ್ತದೆ.

ಲೆಕ್ಕ ಒಪ್ಪಿಸುವ ಹೊತ್ತು

ಪ್ರಿಯ ಓದುಗರೇ, ಒಬ್ಬ ಗುರುವಾಗಿ ನಾನು ಈ ಚರಿತ್ರೆಯನ್ನು ಓದುವಾಗ ಸಂತ ಇಗ್ನಾಸಿಯವರ ಆತ್ಮಪರಿಶೋಧನೆಯ ಕ್ರಮ ನೆನಪಿಗೆ ಬರುತ್ತದೆ. ತಾನು ತಿದ್ದಿಕೊಳ್ಳಬೇಕಾದ ಒಂದು ದೋಷವನ್ನು ಆರಿಸಿಕೊಂಡು, ಪ್ರತಿದಿನ ಗೆರೆ ಎಳೆದು, ಎಷ್ಟು ಸಲ ಎಡವಿದೆನೋ ಅಷ್ಟು ಚುಕ್ಕಿ ಇಟ್ಟು, ದಿನವನ್ನು ದಿನದೊಡನೆ, ವಾರವನ್ನು ವಾರದೊಡನೆ ಹೋಲಿಸಿ ನೋಡಬೇಕೆಂದು ಅವರು ಕಲಿಸಿದರು. ಗುರುಮಠದಲ್ಲಿ ತರುಣರಾಗಿದ್ದಾಗ ನಮಗೆ ಇದು ಲೆಕ್ಕಿಗರ ಕೆಲಸದಂತೆ ಕಾಣುತ್ತಿತ್ತು. ವಯಸ್ಸಾದ ಮೇಲೆ ಅದರ ವಿವೇಕ ತಿಳಿಯುತ್ತದೆ. 'ನಾನು ಪಾಪಿ' ಎಂದು ಒಟ್ಟಾರೆ ಹೇಳುವುದು ಸುಲಭ. ಇಂಥ ದಿನ, ಇಷ್ಟು ಸಲ, ಇಂಥ ತಪ್ಪು ಎಂದು ಹೇಳುವುದು ಕಷ್ಟ. ತಪ್ಪಿನ ಅಳತೆ ತಿಳಿಯದವನ ಪಶ್ಚಾತ್ತಾಪ ಮಾತಿನಲ್ಲೇ ಉಳಿಯುತ್ತದೆ.

ಕಡಲನ್ನು ಅಳೆದವರು ಮನುಕುಲಕ್ಕೆ ಮಾಡಿಕೊಟ್ಟದ್ದು ಇಂಥ ಗೆರೆ ಮತ್ತು ಚುಕ್ಕಿಗಳನ್ನೇ. ಅವರಲ್ಲಿ ಹಲವರು ಪ್ರಾರ್ಥಿಸುವವರಾಗಿದ್ದರೋ ಇಲ್ಲವೋ, ಅಲ್ಪವಾದುದರಲ್ಲಿ ನಂಬಿಗಸ್ತರಾಗಿದ್ದರು. ಶುಭಸಂದೇಶದಲ್ಲಿ ಸಂತ ಲೂಕರು ಹೇಳುವ ಆ ಮನೆವಾರ್ತೆಯವನ ಕಥೆ ನಿಮಗೆ ಗೊತ್ತು. ಒಡೆಯನ ಆಸ್ತಿಯನ್ನು ಪೋಲುಮಾಡಿದವನಿಗೆ ಲೆಕ್ಕ ಒಪ್ಪಿಸುವ ಕರೆ ಬಂದಾಗಲೇ ಎಚ್ಚರವಾಯಿತು. ನಮಗೂ ಕರೆ ಬಂದಿದೆ. ಪೋಪ್ ಫ್ರಾನ್ಸಿಸ್ ಅವರು 2015ರ ತಮ್ಮ 'ಲೌದಾತೊ ಸಿ' ಪರಿಪತ್ರದಲ್ಲಿ ಕಡಲುಗಳ ಆಮ್ಲೀಕರಣವನ್ನು ಹೆಸರಿಸಿದ್ದಾರೆ. ಸಿರಿವಂತ ದೇಶಗಳು ಬಡವರಿಗೆ ತೀರಿಸಬೇಕಾದ ಪರಿಸರದ ಸಾಲದ ಮಾತನ್ನೂ ಎತ್ತಿದ್ದಾರೆ. ಆ ಸಾಲ ಇಷ್ಟು ಎಂದು ಹೇಳಲು ಸಾಧ್ಯವಾದದ್ದು ಕಡಲ ನೀರನ್ನೂ ಗಾಳಿಯನ್ನೂ ಅಳೆದವರು ಇದ್ದುದರಿಂದ. ನಾವು ಕೂಡ ಕೇವಲ ಸಾಲಗಾರರ ಎದುರು ನಿಂತ ಬಡವರಲ್ಲ; ನಮ್ಮ ವಾಹನ, ನಮ್ಮ ವಿದ್ಯುತ್ತು, ನಮ್ಮ ಹಬ್ಬದ ಆಡಂಬರಗಳ ಚುಕ್ಕಿಗಳೂ ಆ ಗೆರೆಯ ಮೇಲಿವೆ.

ಒಂದು ವಿಷಾದದ ಸಂಗತಿಯನ್ನು ಹೇಳಿ ಮುಗಿಸುತ್ತೇನೆ. ಜಗತ್ತಿನ ಹಡಗುಗಳಿಂದ ಒಟ್ಟುಗೂಡುವ ಕಡಲಿನ ಇಂಗಾಲದ ಅಳತೆಗಳ ಸಂಖ್ಯೆ 2017ರ ನಂತರದ ವರ್ಷಗಳಲ್ಲಿ ಗಣನೀಯವಾಗಿ ಇಳಿಯಿತು. ಪರಿಶೋಧನೆ ಹೆಚ್ಚು ಬೇಕಾದ ಹೊತ್ತಿನಲ್ಲೇ ಅದನ್ನು ಬಿಟ್ಟುಬಿಡುವುದು ಮನುಷ್ಯನ ಹಳೆಯ ದೌರ್ಬಲ್ಯ. ಲೆಕ್ಕದ ಪುಸ್ತಕವನ್ನು ಮುಚ್ಚಿದ ಮಾತ್ರಕ್ಕೆ ಸಾಲ ತೀರುವುದಿಲ್ಲ ಎಂಬುದು ಹಳ್ಳಿಯ ಅಂಗಡಿಯವನಿಗೂ ಗೊತ್ತು. ಮುಂದಿನ ಸಲ ನೀವು ಕಡಲ ತೀರಕ್ಕೆ ಹೋದಾಗ ವಿಸ್ಮಯವನ್ನು ಬಿಡಬೇಡಿ. ಅದು ದೇವರ ವರ. ಆದರೆ ಆ ಹಳೆಯ ನಿಶ್ಚಿಂತೆಯನ್ನು ಮರಳ ಮೇಲೆಯೇ ಬಿಟ್ಟು ಬನ್ನಿ. ಕಡಲು ಎಲ್ಲವನ್ನೂ ನುಂಗುವುದಿಲ್ಲ. ನಮ್ಮ ಪರವಾಗಿ ಅದು ಹೊತ್ತದ್ದು ಎಷ್ಟು ಎಂದು ಈಗ ನಮಗೆ ಗೊತ್ತಿದೆ. ಗೊತ್ತಿರುವುದರಿಂದ ನಮ್ಮ ಹೊಣೆಯೂ ಹೆಚ್ಚಾಗಿದೆ.